ಕಂತು ನನ್ನದು, ಮನೆಪತ್ರ ಅವರದ್ದು: ಕಾನೂನು ಸಚಿವರಿಗೂ ಕೊಡಗಿನ ಶಾಸಕರಿಗೂ ಒಂದು ಬಹಿರಂಗ ಪತ್ರ

ಕರ್ನಾಟಕದ ಮಾನ್ಯ ಕಾನೂನು ಸಚಿವರಿಗೆ, ಮಡಿಕೇರಿ ಮತ್ತು ವಿರಾಜಪೇಟೆ ಕ್ಷೇತ್ರಗಳ ಮಾನ್ಯ ಶಾಸಕರಿಗೆ,

ನಮಸ್ಕಾರ.

ನಾನು ಕುಶಾಲನಗರದವಳು. ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುತ್ತೇನೆ. ತವರು ಸೋಮವಾರಪೇಟೆ ಕಡೆ. ಹದಿನೇಳು ವರ್ಷ ಸಂಸಾರ ಮಾಡಿ, ಈಗ ಎರಡು ವರ್ಷದಿಂದ ವಿಚ್ಛೇದನದ ಕೇಸಿಗೆ ಮಡಿಕೇರಿಗೆ ಓಡಾಡುತ್ತಿದ್ದೇನೆ. ಗಂಡನ ಮೇಲೆ ದೂರು ಹೇಳಲು ಈ ಪತ್ರ ಬರೆಯುತ್ತಿಲ್ಲ. ನಮ್ಮಿಬ್ಬರ ನಡುವೆ ಏನು ಕೆಟ್ಟಿತು ಎನ್ನುವುದು ನಮ್ಮಿಬ್ಬರಿಗೆ ಬಿಟ್ಟಿದ್ದು. ನಾನು ಬರೆಯುತ್ತಿರುವುದು ಮನೆಯ ಬಗ್ಗೆ. ಮಾತು ಮುರಿದು ಬೇರೆಯಾಗುವಾಗ, ಇಬ್ಬರೂ ಸೇರಿ ಕಟ್ಟಿದ ಮನೆ ಯಾರದ್ದು ಎನ್ನುವ ಪ್ರಶ್ನೆಯ ಬಗ್ಗೆ.

ವಕೀಲರ ಹತ್ತಿರ ಮೊದಲ ಸಲ ಹೋದಾಗ ಒಂದು ಚೀಲ ತುಂಬಾ ಕಾಗದ ಹೊತ್ತುಕೊಂಡು ಹೋಗಿದ್ದೆ. ಪಾಸ್‌ಬುಕ್ಕುಗಳು, ಸಂಬಳದ ಚೀಟಿಗಳು, ಸಿಮೆಂಟು ಕಬ್ಬಿಣದ ಬಿಲ್ಲುಗಳು, ಮೇಸ್ತ್ರಿಗೆ ವಾರ ವಾರ ಕೊಟ್ಟ ಹಣ ಬರೆದಿಟ್ಟ ನೋಟ್‌ಬುಕ್ಕು. ಅವರು ಚೀಲದ ಕಡೆ ನೋಡಲಿಲ್ಲ. "ಮನೆಪತ್ರ ಯಾರ ಹೆಸರಲ್ಲಿದೆ ಮೇಡಂ?" ಎಂದು ಕೇಳಿದರು. ಗಂಡನ ಹೆಸರಲ್ಲಿ ಎಂದೆ. "ಖಾತೆ?" ಅದೂ ಅವರದ್ದೇ. ವಕೀಲರು ಪೆನ್ನು ಕೆಳಗಿಟ್ಟು, ಟೀ ಹೇಳಿದರು. ಆಮೇಲೆ ತುಂಬಾ ನಿಧಾನವಾಗಿ, ಬೇಜಾರಾಗದ ಹಾಗೆ, ಕಾನೂನು ಏನು ಹೇಳುತ್ತದೆ ಎಂದು ವಿವರಿಸಿದರು.

ಮನೆಯ ಕಥೆ ಇಷ್ಟು. ನಿವೇಶನ ಕೊಂಡಿದ್ದು 2008ರಲ್ಲಿ. ಮೂವತ್ತು ನಲವತ್ತರ ಸೈಟು. ಅದರ ಹಣದಲ್ಲಿ ದೊಡ್ಡ ಪಾಲು ಅವರದ್ದೇ, ಅದನ್ನು ನಾನು ಎಲ್ಲೂ ಮುಚ್ಚಿಟ್ಟಿಲ್ಲ. ನೋಂದಣಿಯ ದಿನ ನಾನು ಎಸ್ಸೆಸ್ಸೆಲ್ಸಿ ಪೇಪರ್ ತಿದ್ದುವ ಡ್ಯೂಟಿಯಲ್ಲಿದ್ದೆ. ರಜೆ ಸಿಗಲಿಲ್ಲ. "ಇಬ್ಬರ ಹೆಸರು ಸುಮ್ನೆ ಯಾಕೆ? ಮುಂದೆ ಎಲ್ಲದಕ್ಕೂ ಇಬ್ಬರೂ ಬರಬೇಕಾಗುತ್ತದೆ, ಓಡಾಟ ಜಾಸ್ತಿ" ಎಂದರಂತೆ ಪತ್ರ ಬರೆಯುವವರು. ನಮಗೂ ಸರಿ ಅನ್ನಿಸಿತು. ಆಗ ನಮ್ಮ ನಡುವೆ ನಿನ್ನದು ನನ್ನದು ಎನ್ನುವ ಮಾತೇ ಇರಲಿಲ್ಲ.

2011ರಲ್ಲಿ ಮನೆ ಶುರುಮಾಡಿದೆವು. ಹನ್ನೆರಡು ಲಕ್ಷ ಸಾಲ, ಇಪ್ಪತ್ತು ವರ್ಷದ ಕಂತು. ಅವರದ್ದು ಅಂಗಡಿ ವ್ಯಾಪಾರ. ಒಂದು ತಿಂಗಳು ಇದ್ದ ಹಾಗೆ ಇನ್ನೊಂದು ತಿಂಗಳು ಇರುವುದಿಲ್ಲ. ಬ್ಯಾಂಕಿನವರು ಸಾಲ ಕೊಟ್ಟಿದ್ದು ನನ್ನ ಸಂಬಳದ ಚೀಟಿ ನೋಡಿ. ನನ್ನನ್ನು ಸಹ ಸಾಲಗಾರಳು ಎಂದು ಬರೆದುಕೊಂಡರು. ಹತ್ತಿಪ್ಪತ್ತು ಕಡೆ ಸಹಿ ಹಾಕಿದೆ. ಅಷ್ಟೊಂದು ಸಹಿ ಹಾಕಿದ ಮೇಲೆ ಮನೆಯಲ್ಲಿ ನನಗೂ ಹಕ್ಕು ಬಂತು ಅಂದುಕೊಂಡಿದ್ದೆ. ಸಹ ಸಾಲಗಾರಳೇ ಬೇರೆ, ಸಹ ಮಾಲೀಕಳೇ ಬೇರೆ ಎಂದು ಯಾರೂ ಹೇಳಲಿಲ್ಲ. ಸಾಲ ತೀರದಿದ್ದರೆ ಪೂರ್ತಿ ಮೊತ್ತಕ್ಕೆ ನನ್ನನ್ನೂ ಹಿಡಿಯಬಹುದು. ಸಾಲ ತೀರಿದರೆ ಮನೆಯಲ್ಲಿ ನನಗೆ ಒಂದು ಇಟ್ಟಿಗೆಯೂ ಬರುವುದಿಲ್ಲ. ಆದಾಯ ತೆರಿಗೆಯಲ್ಲೂ ಹೀಗೇ. ಗೃಹಸಾಲದ ಬಡ್ಡಿಗೆ ಸಿಗುವ ವಿನಾಯಿತಿ ಮಾಲೀಕರಿಗೆ ಮಾತ್ರ. ಬಡ್ಡಿ ಕಟ್ಟಿದ್ದು ನನ್ನ ಖಾತೆಯಿಂದ, ಆದರೆ ವಿನಾಯಿತಿ ಕೇಳುವ ಹಕ್ಕು ನನಗಿರಲಿಲ್ಲ. ಆಗಲೇ ನನಗೆ ಅರ್ಥವಾಗಬೇಕಿತ್ತು.

ಮೋಲ್ಡ್ ಹಾಕುವ ಹೊತ್ತಿಗೆ ಹಣ ಸಾಲದೆ ಹೋಯಿತು. ಮಳೆಗಾಲಕ್ಕೆ ಮುಂಚೆ ಮೋಲ್ಡ್ ಮುಗಿಯದಿದ್ದರೆ ನಮ್ಮ ಊರಲ್ಲಿ ಕೆಲಸ ನಾಲ್ಕು ತಿಂಗಳು ನಿಂತ ಹಾಗೇ ಅಲ್ವಾ? ತವರಲ್ಲಿ ಕೊಟ್ಟಿದ್ದ ಬಂಗಾರದಲ್ಲಿ ಒಂಬತ್ತು ಪವನ್ ಮಾರಿದೆ. ಸ್ತ್ರೀಧನದ ಬಗ್ಗೆ ನಮ್ಮ ಕಾನೂನು ಗಟ್ಟಿಯಾಗಿದೆ. ಹೆಣ್ಣಿಗೆ ಕೊಟ್ಟಿದ್ದು ಹೆಣ್ಣಿನದ್ದೇ, ಗಂಡ ಕಷ್ಟಕ್ಕೆ ಬಳಸಿಕೊಂಡರೂ ಹಿಂದಕ್ಕೆ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2024ರಲ್ಲೂ ಹೇಳಿದೆ. ನಾನು ಬಂಗಾರದ ಬೆಲೆ ಕೇಳಬಹುದು ಎಂದು ವಕೀಲರೂ ಹೇಳಿದ್ದಾರೆ. ಹಾಗಾದರೆ ಬೀರುವಿನಲ್ಲಿದ್ದಾಗ ಅದು ನನ್ನ ಆಸ್ತಿ. ತಲೆಯ ಮೇಲಿನ ಸೂರಾದ ಮೇಲೆ, ಬಿಲ್ಲು ಸಿಕ್ಕಿದರೆ ಕೇಳಬಹುದಾದ ಒಂದು ಮೊತ್ತ. ಸೂರು ಅವರದ್ದು. ಬಂಗಾರ ಮಾರಿದ ಅಂಗಡಿಯವರು ಅಂದು ಕೊಟ್ಟ ಚೀಟಿ ಎಲ್ಲಿ ಹೋಯಿತೋ. 2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ನಮ್ಮ ಬಡಾವಣೆಗೆ ನೀರು ನುಗ್ಗಿದಾಗ ಕೆಳಗಿನ ಕಪಾಟಿನ ಕಾಗದಗಳೆಲ್ಲ ನೆನೆದು ಮುದ್ದೆಯಾಗಿದ್ದವು. ನೀರು ಇಳಿದ ಮೇಲೆ ಆರು ದಿನ ಕೆಸರು ಎತ್ತಿ, ಗೋಡೆ ಉಜ್ಜಿ ಮನೆಯನ್ನು ಮತ್ತೆ ಮನೆ ಮಾಡಿದೆವು. ಅದಕ್ಕೆಲ್ಲ ಯಾವ ರಸೀದಿ ಇರುತ್ತದೆ?

ಈಗ ಕಾನೂನಿನ ಮಾತು. ವಕೀಲರು ಹೇಳಿದ್ದನ್ನೂ ನಾನೇ ಓದಿ ತಿಳಿದುಕೊಂಡಿದ್ದನ್ನೂ ಸೇರಿಸಿ ಹೇಳುತ್ತೇನೆ.

1955ರ ಹಿಂದೂ ವಿವಾಹ ಕಾಯ್ದೆಯಲ್ಲಿ 27ನೇ ಸೆಕ್ಷನ್ ಇದೆ. ಮದುವೆಯ ಹೊತ್ತಿನಲ್ಲಿ ಗಂಡ ಹೆಂಡತಿ ಇಬ್ಬರಿಗೂ ಸೇರಿ ಬಂದ ವಸ್ತುಗಳ ಬಗ್ಗೆ ಕೋರ್ಟು ತೀರ್ಮಾನ ಕೊಡಬಹುದು. ಅಂದರೆ ನೆಂಟರು ಕೊಟ್ಟ ಮಂಚ ಬೀರುವನ್ನು ಹಂಚಬಹುದು. ಮದುವೆಯಾಗಿ ಕೆಲವು ವರ್ಷಕ್ಕೆ ಇಬ್ಬರೂ ದುಡಿದು ಕಟ್ಟಿದ ಮನೆಯನ್ನು ಹಂಚಲು ಅದರಲ್ಲಿ ದಾರಿ ಇಲ್ಲ. 25ನೇ ಸೆಕ್ಷನ್ ಪ್ರಕಾರ ಶಾಶ್ವತ ಜೀವನಾಂಶ ಕೇಳಬಹುದು. ಆದರೆ ಜೀವನಾಂಶ ಅಂದರೆ ಬದುಕಲು ಕೊಡುವ ಹಣ, ಆಸ್ತಿಯ ಪಾಲಲ್ಲ. ಮತ್ತೆ ಅಲ್ಲಿ ಇಬ್ಬರ ಆದಾಯವನ್ನೂ ನೋಡುತ್ತಾರೆ. ನನ್ನಂಥವಳಿಗೆ "ನಿಮಗೆ ಸಂಬಳ ಇದೆಯಲ್ಲ" ಎನ್ನುವ ಉತ್ತರ ಮೊದಲೇ ಕಾದಿರುತ್ತದೆ. ಯಾವ ಸಂಬಳ ಮನೆಯ ಕಂತಿಗೆ ಹೋಯಿತೋ ಅದೇ ಸಂಬಳ ನನ್ನ ಕೋರಿಕೆಗೆ ಅಡ್ಡ ನಿಲ್ಲುತ್ತದೆ. ಇದು ನನ್ನನ್ನು ತುಂಬಾ ನೋಯಿಸಿದ ವಿಷಯ.

2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇದೆಯಲ್ಲ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಒಳ್ಳೆಯ ಕಾನೂನು, ಎಷ್ಟೋ ಹೆಣ್ಣುಮಕ್ಕಳನ್ನು ಬೀದಿಗೆ ಬೀಳದ ಹಾಗೆ ಉಳಿಸಿದೆ. ಅದರ 17ನೇ ಸೆಕ್ಷನ್ ಒಟ್ಟಿಗೆ ಬಾಳಿದ ಮನೆಯಲ್ಲಿ ಇರುವ ಹಕ್ಕು ಕೊಡುತ್ತದೆ, ಹೆಸರು ಯಾರದ್ದಿದ್ದರೂ ಸರಿ. 19ನೇ ಸೆಕ್ಷನ್ ಪ್ರಕಾರ ಆ ಮನೆಯನ್ನು ಮಾರದ ಹಾಗೆ ತಡೆಯನ್ನೂ ಕೇಳಬಹುದು. ಆದರೆ ಅದಕ್ಕೆ ದೌರ್ಜನ್ಯ ನಡೆದಿದೆ ಎಂದು ತೋರಿಸಬೇಕು. ಹಣಕಾಸಿನ ದೌರ್ಜನ್ಯವೂ ಅದರಲ್ಲಿ ಸೇರುತ್ತದೆ, ನಿಜ. ನನ್ನ ಗಂಡ ನನ್ನ ಮೇಲೆ ಕೈ ಮಾಡಿದವರಲ್ಲ, ಹಣ ಕಿತ್ತುಕೊಂಡವರೂ ಅಲ್ಲ. ನಾನೇ ಪ್ರೀತಿಯಿಂದ ಕೊಟ್ಟೆ. ಮನೆಯ ಪಾಲಿಗಾಗಿ ನಡೆಯದ್ದನ್ನು ನಡೆಯಿತು ಎಂದು ಬರೆದುಕೊಡಲು ನನ್ನಿಂದ ಆಗುವುದಿಲ್ಲ. ಹಾಗೆ ಬರೆದುಕೊಡುವ ಸ್ಥಿತಿಗೆ ಯಾವ ಹೆಣ್ಣನ್ನೂ ಕಾನೂನು ತಳ್ಳಬಾರದು. ಇನ್ನೊಂದು ಮಾತು, ಇರುವ ಹಕ್ಕು ಮಾಲೀಕತ್ವ ಅಲ್ಲ.

1984ರ ಕುಟುಂಬ ನ್ಯಾಯಾಲಯ ಕಾಯ್ದೆ ಗಂಡ ಹೆಂಡತಿ ನಡುವಿನ ಆಸ್ತಿ ವ್ಯಾಜ್ಯವನ್ನು ಕೇಳುವ ಅಧಿಕಾರವನ್ನು ಕೋರ್ಟಿಗೆ ಕೊಟ್ಟಿದೆ. ಸಾಕ್ಷ್ಯದ ವಿಷಯದಲ್ಲೂ ಸ್ವಲ್ಪ ಸಡಿಲ ಇದೆ. ಹಾಗಾಗಿ ನನ್ನ ಚೀಲ ಪೂರ್ತಿ ವ್ಯರ್ಥವಲ್ಲ. ಆದರೆ ಒಬ್ಬರ ಹೆಸರಿನಲ್ಲಿರುವ ಮನೆಯಲ್ಲಿ ಇನ್ನೊಬ್ಬರ ಪಾಲನ್ನು ಹೇಗೆ ಅಳೆಯಬೇಕು ಎನ್ನುವ ನಿಯಮ ಆ ಕಾಯ್ದೆಯಲ್ಲಿಲ್ಲ. ಒಬ್ಬೊಬ್ಬ ನ್ಯಾಯಾಧೀಶರಿಗೆ ಒಂದೊಂದು ರೀತಿ ಕಾಣಬಹುದು.

ಲೆಕ್ಕ ಹಾಕುವುದು ನಮ್ಮ ಕಾನೂನಿಗೆ ಬರುವುದಿಲ್ಲ ಎಂದಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 45ನೇ ಸೆಕ್ಷನ್ ಓದಿ ನೋಡಿ. ಇಬ್ಬರ ಹೆಸರಿಗೆ ಆಸ್ತಿ ಕೊಂಡಿದ್ದರೆ, ಯಾರು ಎಷ್ಟು ಕೊಟ್ಟರೋ ಅಷ್ಟು ಅವರ ಪಾಲು. ಯಾರು ಎಷ್ಟು ಕೊಟ್ಟರು ಎಂದು ಗೊತ್ತಾಗದಿದ್ದರೆ ಸಮಪಾಲು. ಎಷ್ಟು ಸರಳ! ನನ್ನ ಎಂಟನೇ ಕ್ಲಾಸಿನ ಮಕ್ಕಳು ಮಾಡುವ ಪಾಲುದಾರಿಕೆಯ ಲೆಕ್ಕ. ಆದರೆ ಅದು ನಡೆಯುವುದು ಪತ್ರದಲ್ಲಿ ಎರಡೂ ಹೆಸರು ಇದ್ದಾಗ ಮಾತ್ರ. ಗಂಡ ಹೆಂಡತಿ ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಆಸ್ತಿ ಕೊಳ್ಳುವುದು ನಮ್ಮಲ್ಲಿ ಸಾಮಾನ್ಯ ಎನ್ನುವುದೂ ಕಾನೂನಿಗೆ ಗೊತ್ತು. ಒಬ್ಬರ ಹಣದಲ್ಲಿ ಇನ್ನೊಬ್ಬರ ಹೆಸರಿಗೆ ಆಸ್ತಿ ಕೊಳ್ಳುವುದನ್ನು ತಡೆಯುವ ಬೇನಾಮಿ ಕಾಯ್ದೆಯನ್ನು 2016ರಲ್ಲಿ ತಿದ್ದಿದಾಗ, ಗೊತ್ತಿರುವ ಆದಾಯದಿಂದ ಗಂಡನು ಹೆಂಡತಿಯ ಹೆಸರಿಗೆ ಅಥವಾ ಹೆಂಡತಿಯು ಗಂಡನ ಹೆಸರಿಗೆ ಕೊಂಡರೆ ಅದು ಬೇನಾಮಿ ಅಲ್ಲ ಎಂದು ಬರೆದರು. ಅಂದರೆ ಹಾಗೆ ಕೊಳ್ಳುವುದು ತಪ್ಪಲ್ಲ. ಆದರೆ ಬೇರೆಯಾಗುವಾಗ ಏನು ಮಾಡಬೇಕು ಎಂದು ಬರೆಯಲಿಲ್ಲ.

ಇದು ಹೆಂಗಸರ ತೊಂದರೆ ಮಾತ್ರ ಎಂದು ದಯವಿಟ್ಟು ತಿಳಿಯಬೇಡಿ. ನಮ್ಮ ಹಿಂದಿನ ರಸ್ತೆಯಲ್ಲಿ ಒಬ್ಬರು ನಿವೃತ್ತ ಹವಾಲ್ದಾರರು ಬಾಡಿಗೆ ಮನೆಯಲ್ಲಿದ್ದಾರೆ. ಕೊಡಗಿನಲ್ಲಿ ಸೈನ್ಯಕ್ಕೆ ಹೋದವರ ಮನೆ ಎಷ್ಟಿವೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಅವರು ಗಡಿಯಲ್ಲಿದ್ದುಕೊಂಡು ತಿಂಗಳು ತಿಂಗಳು ಹಣ ಕಳಿಸಿದರು. ಓಡಾಡಲು ಅನುಕೂಲ ಎಂದು ಸೈಟು, ಮನೆ ಎಲ್ಲ ಹೆಂಡತಿಯ ಹೆಸರಿಗೆ ಆಯಿತು. ಬೇರೆಯಾದಾಗ ಒಂದು ಟ್ರಂಕು ಹಿಡಿದುಕೊಂಡು ಹೊರಗೆ ಬಂದರು. ಅವರಿಗೆ ದೌರ್ಜನ್ಯ ತಡೆ ಕಾಯ್ದೆಯೂ ಇಲ್ಲ. ಅವರು ಒಂದು ದಿನ ನನಗೆ ಹೇಳಿದ್ದು, "ಟೀಚರೇ, ಅವಳಿಗೆ ಪಾಲು ಬೇಡ ಅನ್ನಲ್ಲ. ಮಕ್ಕಳನ್ನು ಸಾಕಿದ್ದು ಅವಳೇ. ನನಗೂ ಒಂದು ಕೋಣೆಯಷ್ಟು ಇರಬೇಕಿತ್ತಲ್ಲ." ನಾನೂ ಕೇಳುತ್ತಿರುವುದು ಅಷ್ಟೇ. ಪೂರ್ತಿ ಮನೆ ನನಗೆ ಬೇಡ.

ಒಂದು ಭಯವನ್ನು ಮೊದಲೇ ಮಾತಾಡಿಬಿಡೋಣ. ಇಂಥ ಕಾನೂನು ಬಂದರೆ ಒಕ್ಕದ, ಅಂದರೆ ಮನೆತನದ ಆಸ್ತಿ ಹೊರಗೆ ಹೋಗುತ್ತದೆ, ತಲೆತಲಾಂತರದಿಂದ ಬಂದ ಜಮ್ಮಾ ಭೂಮಿ ಚೂರಾಗುತ್ತದೆ ಎಂದು ನಮ್ಮ ಜಿಲ್ಲೆಯಲ್ಲಿ ಹೇಳುವವರು ಇರುತ್ತಾರೆ. ಮನೆತನದ ಮೂಲ ಮನೆಯಾದ ಐನ್‌ಮನೆಯಾಗಲಿ ಒಕ್ಕದ ಜಮ್ಮಾ ಭೂಮಿಯಾಗಲಿ ಅಪ್ಪ ಅಮ್ಮನಿಂದ ಬಂದ ತೋಟವಾಗಲಿ ಯಾರೂ ಮುಟ್ಟಬಾರದು. ನಾನು ಹೇಳುತ್ತಿರುವುದು ಮದುವೆಯಾದ ಮೇಲೆ ಗಂಡ ಹೆಂಡತಿ ಕೊಂಡ ಅಥವಾ ಕಟ್ಟಿದ, ಇಬ್ಬರೂ ಬಾಳಿದ ಮನೆಯ ಬಗ್ಗೆ ಮಾತ್ರ.

ಆದರೆ ಇಲ್ಲೊಂದು ಸಿಕ್ಕು ಇದೆ, ಅದು ಕೊಡಗಿನಲ್ಲೇ ಜಾಸ್ತಿ. ನನ್ನ ಗೆಳತಿಯೊಬ್ಬಳು ನಾಪೋಕ್ಲು ಕಡೆಯವಳು, ನರ್ಸ್. ಮನೆ ಕಟ್ಟಿದ್ದು ಗಂಡನ ಕುಟುಂಬದ ಜಾಗದಲ್ಲಿ. ಜಾಗ ಮಾರಲು ಬರುವುದಿಲ್ಲ, ಮಾರಬೇಕು ಎಂದು ಅವಳೂ ಕೇಳುವುದಿಲ್ಲ. ಆದರೆ ಮೇಲೆ ಎದ್ದ ಮನೆಗೆ ಅವಳ ಹದಿನೈದು ವರ್ಷದ ಸಂಬಳ ಹೋಗಿದೆ. ಅಡಿಪಾಯದ ಕಲ್ಲಿನಿಂದ ಹಿಡಿದು ಬೋರ್‌ವೆಲ್‌ವರೆಗೆ. ಅವಳು ಹೊರಗೆ ಬಂದಾಗ ಜಾಗ ಒಕ್ಕದ್ದು, ಕಟ್ಟಡ ಜಾಗದ ಜೊತೆ ಹೋಯಿತು. ಇಂಥ ಕಡೆ ಮನೆ ಒಡೆಯಬೇಕಿಲ್ಲ, ಜಾಗ ಅಳೆಯಬೇಕಿಲ್ಲ. ಅವಳು ಹಾಕಿದ ಹಣವನ್ನು ಇಂದಿನ ಬೆಲೆಗೆ ಲೆಕ್ಕ ಹಾಕಿ ವಾಪಸು ಕೊಡಿಸಿದರೆ ಸಾಕು. ಒಕ್ಕದ ಭೂಮಿ ಒಕ್ಕದಲ್ಲೇ ಉಳಿಯುತ್ತದೆ, ಅವಳೂ ಬರಿಗೈಯಲ್ಲಿ ಹೋಗುವುದಿಲ್ಲ.

ಕೊಡವ ಮದುವೆಗಳಲ್ಲಿ 'ಸಂಬಂಧ' ಕೊಡುವ ಶಾಸ್ತ್ರ ನೋಡಿದ್ದೀರಿ. ಎರಡೂ ಕಡೆಯ ಪರವಾಗಿ ಮಾತಾಡುವ ಅರುವರು ಎದುರುಬದುರು ನಿಂತು, ಬರುವ ಹುಡುಗಿಗೆ ಗಂಡನ ಒಕ್ಕದಲ್ಲಿ ಏನೇನು ಹಕ್ಕು ಎಂದು ಎಲ್ಲರ ಎದುರು ಬಾಯಿಬಿಟ್ಟು ಹೇಳುತ್ತಾರೆ. ಈ ಗೆಳತಿಯ ಮದುವೆಯಲ್ಲಿ ನಾನು ಅದನ್ನು ಮೊದಲ ಸಲ ನೋಡಿದ್ದು. ನಮ್ಮ ಕಡೆ ಇಲ್ಲದ ಒಂದು ಒಳ್ಳೆಯ ಪದ್ಧತಿ ಎಂದು ಅಮ್ಮನಿಗೆ ಹೇಳಿದ್ದೆ. ಮನೆಗೆ ಬರುವವಳಿಗೆ ಹಕ್ಕಿದೆ ಎಂದು ಸಾಕ್ಷಿಗಳ ಎದುರು ಹೇಳುವ ನಾಡಿದು. ಹಾಗಿರುವಾಗ ಅವಳು ಹೊರಗೆ ಹೋಗುವ ದಿನ ಅವಳು ಹಾಕಿದ ಹಣದ ಲೆಕ್ಕ ಯಾರೂ ಕೇಳದಿರುವುದು ನನಗೆ ಒಪ್ಪಿತವಾಗುವುದಿಲ್ಲ.

ಹಣ ತರದವರ ಪಾಲಿನ ಮಾತು ಇನ್ನೂ ಕಷ್ಟ. ನನಗಾದರೂ ಪಾಸ್‌ಬುಕ್ ಇದೆ. ಸುಂಟಿಕೊಪ್ಪ ಕಡೆ ಐದಾರು ಎಕರೆ ಕಾಫಿ ಇಟ್ಟುಕೊಂಡ ಮನೆಯ ಹೆಂಗಸನ್ನು ನೆನೆಸಿಕೊಳ್ಳಿ. ಕೊಯ್ಲಿನ ದಿನಗಳಲ್ಲಿ ಬೆಳಿಗ್ಗೆ ಐದಕ್ಕೆ ಎದ್ದು ಆಳುಗಳಿಗೆ ತಿಂಡಿ, ಸಂಜೆ ಕೊಯ್ದ ಹಣ್ಣಿನ ತೂಕ ಬರೆದುಕೊಳ್ಳುವುದು, ಕಣದಲ್ಲಿ ಹರಡಿದ ಕಾಫಿಗೆ ಮೋಡ ಕಂಡ ಕೂಡಲೇ ಓಡಿಬಂದು ರಾಶಿ ಮಾಡಿ ಟಾರ್ಪಾಲು ಮುಚ್ಚುವುದು. ಆ ಕಾಫಿಯ ಹಣದಲ್ಲಿ ಎದ್ದ ಹೊಸ ಮನೆಯಲ್ಲಿ ಅವಳ ಪಾಲು ಎಷ್ಟು? 2023ರ ಜೂನ್‌ನಲ್ಲಿ ಮದರಾಸು ಹೈಕೋರ್ಟ್ ಈ ಪ್ರಶ್ನೆಗೆ ಉತ್ತರ ಕೊಟ್ಟಿತು. ಗಂಡ ವಿದೇಶದಲ್ಲಿ ದುಡಿದ, ಹೆಂಡತಿ ಊರಲ್ಲಿ ಮನೆ ಮಕ್ಕಳನ್ನು ನೋಡಿಕೊಂಡಳು. ಅವಳು ಮನೆ ನೋಡಿಕೊಂಡಿದ್ದರಿಂದಲೇ ಅವನಿಗೆ ದುಡಿಯಲು ಆಯಿತು, ಹಾಗಾಗಿ ಕೊಂಡ ಆಸ್ತಿಯಲ್ಲಿ ಅವಳಿಗೆ ಸಮಪಾಲು ಎಂದಿತು. ಅದನ್ನು ಗುರುತಿಸುವ ಕಾನೂನು ಇಲ್ಲ, ಆದರೆ ಗುರುತಿಸಬಾರದು ಎನ್ನುವ ಕಾನೂನೂ ಇಲ್ಲ ಎಂದು ಆ ತೀರ್ಪು ಹೇಳಿತು. ಓದುವಾಗ ನನಗೆ ಕಣ್ಣು ತುಂಬಿತು. ಆದರೆ ಅದು ಪಕ್ಕದ ರಾಜ್ಯದ ಹೈಕೋರ್ಟ್. ನಮ್ಮ ಕೋರ್ಟುಗಳು ಅದನ್ನು ಪಾಲಿಸಲೇಬೇಕು ಎಂದೇನಿಲ್ಲ. ತೀರ್ಪಿನ ಪುಣ್ಯಕ್ಕೆ ಕಾಯುವ ಬದಲು ಕಾನೂನೇ ಬರಲಿ ಎಂದು ಕೇಳುತ್ತಿದ್ದೇನೆ.

ಇದು ಕೇಂದ್ರದ ವಿಷಯ ಎಂದು ನೀವು ಹೇಳಬಹುದು. ಕೇಂದ್ರ ಒಮ್ಮೆ ಹೊರಟಿತ್ತು. ವಿವಾಹ ಕಾನೂನುಗಳ ತಿದ್ದುಪಡಿ ಮಸೂದೆ 2013ರ ಆಗಸ್ಟ್‌ನಲ್ಲಿ ರಾಜ್ಯಸಭೆಯಲ್ಲಿ ಪಾಸಾಯಿತು. ಗಂಡನ ಸ್ಥಿರಾಸ್ತಿಯಲ್ಲಿ ಹೆಂಡತಿಗೆ ಪಾಲು ಕೊಡಿಸುವ ಮಾತು ಅದರಲ್ಲಿತ್ತು. ಲೋಕಸಭೆಯಲ್ಲಿ ಪಾಸಾಗುವ ಮೊದಲೇ ಸದನದ ಅವಧಿ ಮುಗಿದು ಮಸೂದೆ ಬಿದ್ದುಹೋಯಿತು. ಆದರೆ ಮದುವೆ, ವಿಚ್ಛೇದನದ ವಿಷಯ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ. ರಾಜ್ಯವೂ ತಿದ್ದುಪಡಿ ತರಬಹುದು, ರಾಷ್ಟ್ರಪತಿಗಳ ಒಪ್ಪಿಗೆ ಪಡೆದರೆ ಅದು ಇಲ್ಲಿ ಜಾರಿಗೆ ಬರುತ್ತದೆ. ನಮ್ಮ ಕರ್ನಾಟಕ ಇದನ್ನು ಮಾಡಿ ತೋರಿಸಿದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಡುವ ತಿದ್ದುಪಡಿ ಇಲ್ಲಿ ಬಂದಿದ್ದು 1994ರಲ್ಲಿ. ಕೇಂದ್ರಕ್ಕೆ ಅದು ಸಾಧ್ಯವಾಗಿದ್ದು 2005ರಲ್ಲಿ. ಹನ್ನೊಂದು ವರ್ಷ ಮುಂಚೆ ನಡೆದ ರಾಜ್ಯ ನಮ್ಮದು. ಗೋವಾದಲ್ಲಂತೂ ಪೋರ್ಚುಗೀಸರ ಕಾಲದ ಸಿವಿಲ್ ಸಂಹಿತೆಯ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ ಗಂಡ ಹೆಂಡತಿಯ ಆಸ್ತಿ ಇಬ್ಬರಿಗೂ ಸೇರಿದ್ದು. ಅಲ್ಲೂ ಜನ ಮದುವೆಯಾಗುತ್ತಿದ್ದಾರೆ, ಮನೆ ಕಟ್ಟುತ್ತಿದ್ದಾರೆ.

ಮಾನ್ಯ ಸಚಿವರೇ, ನಿಮ್ಮಲ್ಲಿ ನನ್ನ ಕೋರಿಕೆ ಇದು. ಮದುವೆಯಾದ ಮೇಲೆ ಬಂದ, ಇಬ್ಬರೂ ಬಾಳಿದ ಮನೆಯನ್ನು, ಪತ್ರ ಯಾರ ಹೆಸರಲ್ಲೇ ಇರಲಿ, ಇಬ್ಬರ ದುಡಿಮೆ ನೋಡಿ ಹಂಚುವ ಅಧಿಕಾರವನ್ನು ಕೋರ್ಟಿಗೆ ಕೊಡಿ. ಕಂತು, ಬಂಗಾರ, ಮನೆಕೆಲಸ, ಮಕ್ಕಳ ಸಾಕಣೆ ಎಲ್ಲವೂ ಆ ಲೆಕ್ಕಕ್ಕೆ ಬರಲಿ. ರಸೀದಿ ಇಲ್ಲ ಎನ್ನುವ ಕಾರಣಕ್ಕೆ ಸೊನ್ನೆ ಹಾಕಬೇಡಿ. ಯಾವ ಧರ್ಮದ ಪ್ರಕಾರ ಮದುವೆಯಾದವರಿಗೂ ಇದು ಒಂದೇ ರೀತಿ ಇರಲಿ. ವಿಚ್ಛೇದನದ ಅರ್ಜಿ ಬಿದ್ದ ದಿನದಿಂದ ತೀರ್ಪಿನವರೆಗೆ ಆ ಮನೆಯನ್ನು ಮಾರಲು ಕೋರ್ಟಿನ ಅನುಮತಿ ಬೇಕು ಎಂದು ಮಾಡಿ. ಈಗ ಬರೀ ವಿಚ್ಛೇದನದ ಕೇಸು ಇದ್ದರೆ ಮನೆ ಮಾರುವುದು ತಾನಾಗಿ ನಿಲ್ಲುವುದಿಲ್ಲ. ಪ್ರತಿ ವಾಯಿದೆಗೆ ಮಡಿಕೇರಿ ಬಸ್ಸು ಹತ್ತುವಾಗ ಅದೇ ಭಯ ನನ್ನ ಹೊಟ್ಟೆಯಲ್ಲಿರುತ್ತದೆ.

ಕಾನೂನು ಬರಲು ಸಮಯ ಬೇಕು, ಗೊತ್ತು. ಸಣ್ಣ ಕೆಲಸಗಳನ್ನು ನಾಳೆಯೇ ಮಾಡಬಹುದು. ಮದುವೆಯಾದವರು ಮನೆ, ಸೈಟು ನೋಂದಣಿಗೆ ಬಂದಾಗ "ಇಬ್ಬರ ಹೆಸರಿಗೆ ಮಾಡಿಸುತ್ತೀರಾ?" ಎಂದು ಕೇಳುವುದು ಸಬ್ ರಿಜಿಸ್ಟ್ರಾರ್ ಕಚೇರಿಯ ನಿಯಮವಾಗಲಿ. ಬಡವರಿಗೆ ಕೊಡುವ ಪ್ರಧಾನ ಮಂತ್ರಿ ಆವಾಸ್ ಮನೆಗೆ ಮನೆಯೊಡತಿಯ ಹೆಸರು ಅಥವಾ ಜಂಟಿ ಹೆಸರು ಇರಬೇಕು ಎಂದು ಸರ್ಕಾರವೇ ನಿಯಮ ಮಾಡಿದೆ. ಸ್ವಂತ ದುಡಿಮೆಯಲ್ಲಿ ಕಟ್ಟುವವರಿಗೆ ಒಂದು ಪ್ರಶ್ನೆಯನ್ನಾದರೂ ಕೇಳಬಾರದೇ? ಸಹ ಸಾಲಗಾರರಾಗಿ ಸಹಿ ಹಾಕುವವರಿಗೆ "ಈ ಸಹಿಯಿಂದ ನಿಮಗೆ ಮನೆಯ ಮಾಲೀಕತ್ವ ಬರುವುದಿಲ್ಲ" ಎನ್ನುವ ಒಂದು ಸಾಲನ್ನು ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಕೊಡಲು ರಾಜ್ಯದ ಬ್ಯಾಂಕುಗಳ ಜೊತೆ ಮಾತಾಡಿ. 2011ರಲ್ಲಿ ಆ ಒಂದು ಸಾಲು ಓದಿದ್ದರೆ ನಾನು ಅಂದೇ ಮನೆಗೆ ಬಂದು ಕೇಳುತ್ತಿದ್ದೆ. ಅವರು ಒಪ್ಪುತ್ತಿದ್ದರು ಕೂಡ. ಅದು ನನಗೆ ಖಂಡಿತ ಗೊತ್ತು.

ಈ ಪತ್ರ ಓದುವ ಬೇರೆಯವರಿಗೂ ಒಂದು ಮಾತು. ಸಂಸಾರ ಚೆನ್ನಾಗಿರುವಾಗಲೇ ಎರಡನೇ ಹೆಸರು ಸೇರಿಸಿ. ಗಂಡ ಹೆಂಡತಿಯ ನಡುವೆ ದಾನಪತ್ರ ಮಾಡಿದರೆ ಮುದ್ರಾಂಕ ಶುಲ್ಕ ಮಾರುಕಟ್ಟೆ ಬೆಲೆಯ ಮೇಲೆ ಬರುವುದಿಲ್ಲ, ನಿಗದಿಯಾದ ಸಣ್ಣ ಮೊತ್ತ ಅಷ್ಟೇ. ಸಾಲ ಇದ್ದರೆ ಮೊದಲು ಬ್ಯಾಂಕಿನವರ ಒಪ್ಪಿಗೆ ಕೇಳಿ. ಮೇಸ್ತ್ರಿಗೆ ಕೈಯಲ್ಲಿ ಹಣ ಕೊಡುವ ಬದಲು ಖಾತೆಯಿಂದ ಹಾಕಿ. ಬಂಗಾರ ಮಾರಿದ, ಅಡವಿಟ್ಟ ಚೀಟಿಗಳನ್ನು ಮೇಲಿನ ಕಪಾಟಿನಲ್ಲಿಡಿ. ಹೀಗೆ ಕೇಳಿದರೆ ಅನುಮಾನ ಪಟ್ಟ ಹಾಗಾಗುತ್ತದೆ ಎಂದು ಸಂಕೋಚಪಡಬೇಡಿ. ನಾನು ಆ ಸಂಕೋಚದಲ್ಲೇ ಹದಿಮೂರು ವರ್ಷ ಸುಮ್ಮನಿದ್ದೆ.

ಮಾನ್ಯ ಶಾಸಕರೇ, ಮುಂದಿನ ಅಧಿವೇಶನದಲ್ಲಿ ನೀವಿಬ್ಬರೂ ಈ ಪ್ರಶ್ನೆ ಕೇಳುತ್ತೀರಿ ಎಂದು ನಂಬಿದ್ದೇನೆ. ನನ್ನ ಚೀಲವನ್ನು ತಂದು ನಿಮ್ಮ ಮುಂದೆ ಬಿಚ್ಚಿ ತೋರಿಸಲು ನಾನು ಸಿದ್ಧ. ಆ ನರ್ಸ್ ಗೆಳತಿಯೂ ಬರುತ್ತಾಳೆ. ಹವಾಲ್ದಾರರನ್ನೂ ಕೇಳಿದ್ದೇನೆ, ಕರೆದರೆ ಬರುತ್ತೇನೆ ಎಂದಿದ್ದಾರೆ.

ನನ್ನ ಸಾಲ 2031ಕ್ಕೆ ಮುಗಿಯುತ್ತದೆ. ನಾನೀಗ ಬಾಡಿಗೆ ಮನೆಯಲ್ಲಿದ್ದೇನೆ. ಆದರೂ ಪ್ರತಿ ತಿಂಗಳು 5ನೇ ತಾರೀಕು ಆ ಮನೆಯ ಕಂತು ನನ್ನ ಖಾತೆಯಿಂದಲೇ ಹೋಗುತ್ತಿದೆ.

ಇಂತಿ ನಿಮ್ಮ ವಿಶ್ವಾಸಿ,
ಗಣಿತ ಶಿಕ್ಷಕಿ, ಕುಶಾಲನಗರ